ಸರ್ಜೋಯ್ ಸಂತೆಯ ಕೊಸರು

ಮೂರನೆಯ ಶಕ, ತೊಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಕೊನೆಯ ದಿನ
ಸರ್ಜೋಯ್ ಊರಿನ ಸಂತೆ ಮೈದಾನ

ಪೂಜ್ಯ ಸ್ಫೂರ್ತಿ ಮುತ್ತಜ್ಜಿಯವರಿಗೆ,

ನಿಮಗಿನ್ನೂ ಇಪ್ಪತ್ತಾರು ವರ್ಷ, ಮದುವೆಯ ಮಾತನ್ನೇ ಯಾರೂ ಎತ್ತಿಲ್ಲ. ಅಂಥವರನ್ನು ಮುತ್ತಜ್ಜಿ ಎನ್ನುವುದು ವಿಚಿತ್ರ, ಕ್ಷಮಿಸಿ. ನನ್ನ ಕನ್ನಡವೂ ನಿಮಗೆ ಒರಟೆನಿಸಬಹುದು. ನಾನು ಮಧುಮತಿ, ನಿಮ್ಮ ಮೊಮ್ಮಗಳ ಮೊಮ್ಮಗಳು. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಪತ್ರ ಒಯ್ಯುವ ಅಂಚೆ. ಇಲ್ಲಿ ಸಾಲು ಮೂಡಿದಂತೆಯೇ ಅಲ್ಲಿ ನಿಮಗೆ ಮುಟ್ಟುತ್ತದೆ. ರಕ್ತಸಂಬಂಧಿಗೆ ಮಾತ್ರ, ಅದೂ ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಆ ಒಂದು ಸಲವನ್ನು ಈಗ ಖರ್ಚು ಮಾಡುತ್ತಿದ್ದೇನೆ. ನಿಂತಲ್ಲೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೇಸರಪಡಬೇಡಿ.

ನಾನೂ ನನ್ನ ಅಕ್ಕ ಗಂಗಾಂಬಿಕೆಯೂ ಗದಗಿನಿಂದ ನೆಲಹಡಗಿನಲ್ಲಿ ಹೊರಟೆವು. ನಮ್ಮ ಕಾಲದಲ್ಲಿ ವಿಮಾನ ನಿಂತುಹೋಗಿದೆ. ನೆಲಹಡಗು ಎಂದರೆ ಹಳಿಯಿಲ್ಲದೆ ನೆಲದ ಮೇಲೆ ತೆವಳುವ, ಓಣಿಯಷ್ಟು ಉದ್ದದ ಗಾಡಿ. ಒಳಗೆ ಖಾನಾವಳಿ, ಬಚ್ಚಲು, ಬಡಗಿಯ ಅಂಗಡಿ ಎಲ್ಲ ಇವೆ. ನಮ್ಮಂಥ ಬೆನ್ನುಚೀಲದವರಿಗೆ ಮಾತ್ರ ಮಾಳಿಗೆಯೇ ಗತಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ, ಗಾಳಿಗೆ ತುಟಿ ಒಡೆಸಿಕೊಳ್ಳುತ್ತ ಮರಳುಗಾಡನ್ನೂ ಹಿಮದ ಕಣಿವೆಗಳನ್ನೂ ದಾಟಿದೆವು. ಸಿಕ್ಕ ಸಂತೆಯಲ್ಲೆಲ್ಲ ಇಳಿದು ಚೌಕಾಸಿ ಮಾಡದಿದ್ದರೆ ಅಕ್ಕನಿಗೆ ಊಟ ಸೇರುವುದಿಲ್ಲ. ಅದು ನಿಮ್ಮಿಂದ ಬಂದ ಗುಣವೆಂದು ಮನೆಯಲ್ಲಿ ಹೇಳುತ್ತಾರೆ.

ಸರ್ಜೋಯ್‌ನಲ್ಲಿ ನೆಲಹಡಗು ವರ್ಷಕ್ಕೊಮ್ಮೆ ಅರ್ಧ ದಿನ ನಿಲ್ಲುತ್ತದೆ. ಈ ಬೆಳಿಗ್ಗೆ ಅಕ್ಕ ಜರ್ದಾಳು ಹಣ್ಣು ಕೊಂಡಳು. ದುಡ್ಡು ಕೊಟ್ಟ ಮೇಲೆ, ನಮ್ಮವರೆಲ್ಲ ಮಾಡುವಂತೆ, ಚೀಲದ ಬಾಯಿ ಅಗಲಿಸಿ ಕೊಸರು ಕೇಳಿದಳು. "ಮ್ಯಾಲೊಂದೀಟು ಹಾಕೋ ಯಪ್ಪಾ, ಭಾಳ ದೂರದಿಂದ ಬಂದೀವಿ" ಎಂದಳು. ಮಾತು ತಿಳಿಯದಿದ್ದರೂ ವ್ಯಾಪಾರಿಗೆ ಸನ್ನೆ ತಿಳಿಯಿತು. ಅವನ ಮುಖ ಬಿಳಿಚಿಕೊಂಡಿತು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲವಂತೆ. ಒಂದು ಹಿಡಿ ಹಾಕಿದ. ಸುತ್ತಲಿನ ವ್ಯಾಪಾರಿಗಳೆಲ್ಲ ತಕ್ಕಡಿ ಕೆಳಗಿಟ್ಟರು. ಕಾರಣ ಆಮೇಲೆ ತಿಳಿಯಿತು. ಹಿಂದೊಂದು ಬರದಲ್ಲಿ ಬಂದಬಂದವರಿಗೆಲ್ಲ ಜಾಸ್ತಿ ಕೊಟ್ಟು ಅರ್ಧ ಊರೇ ಹಸಿವಿನಿಂದ ಸತ್ತಿತ್ತು. ಅಂದಿನಿಂದ ತೂಕಕ್ಕೆ ಮೀರಿ ಕೇಳಿ ಪಡೆದವರು ಊರ ಕಾಳುಕಡಿಯನ್ನೆಲ್ಲ ತೂಗುವ ತಕ್ಕಡಿಮನೆಯಲ್ಲಿ ಸಾಯುವತನಕ ದುಡಿಯಬೇಕು. ಇಬ್ಬರು ಹೆಂಗಸರು ಅಕ್ಕನ ಕೈಹಿಡಿದು ಮೆಲ್ಲಗೆ ಒಳಗೆ ಕರೆದೊಯ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕೇ ಹೆಚ್ಚು ಹೆದರಿ, ಅಳುತ್ತ ಹಿಂದೆ ಓಡಿದೆ.

ಬಾಗಿಲಲ್ಲಿ ಕಾಳು ತೂಗುತ್ತಿದ್ದ ಮುದುಕ ನನ್ನ ಅಳು ಕೇಳಿ ತಲೆಯೆತ್ತಿದ. ಕೊಪ್ಪಳದ ಹುಚ್ಚೀರಪ್ಪ, ಹರೆಯದಲ್ಲಿ ಬಾದಾಮಿಯ ಕೊಸರು ಕೇಳಿ ಸಿಕ್ಕಿಬಿದ್ದವನು. "ಅಳಬ್ಯಾಡವ್ವ. ನಿಮ್ಮ ಹಿರ್ಯಾರು ಯಾರರೆ ಹಿಂದಕ ಇಲ್ಲಿಗೆ ಬಂದು, ತಾವಾಗಿ ಒಂದ್ ಹಿಡಿ ಬಿಟ್ಟು ಹೋಗಿದ್ರ, ತೂಕ ಸರಿ ಆತಂತ ಬಿಡ್ತಾರ. ನಮ್ಮ ಪೈಕಿ ಯಾರೂ ಬಂದಿದ್ದಿಲ್ಲ, ನಾ ಇಲ್ಲೇ ಉಳದೆ" ಎಂದ. ಹಾಗೆ ಬಿಟ್ಟುಹೋದವರ ಹೆಸರೂ ಊರೂ ಇಲ್ಲಿನ ಮುದುಕಿಯರಿಗೆ ತಲೆತಲಾಂತರದಿಂದ ಬಾಯಿಪಾಠ. ನನ್ನ ಮುಂದೆಯೇ ಎಲ್ಲವನ್ನೂ ಒಪ್ಪಿಸಿದರು. ನಿಮ್ಮ ಹೆಸರಿರಲಿಲ್ಲ.

ನೀವು ಇಲ್ಲಿಗೆ ಬಂದಿದ್ದಿರಿ, ಮುತ್ತಜ್ಜಿ. ಬೆನ್ನಿಗೆ ಚೀಲ ಹೇರಿಕೊಂಡು, ಬಸ್ಸು ಲಾರಿ ಹಿಡಿದು ಸರ್ಜೋಯ್ ಮುಟ್ಟಿ, ಅರ್ಧ ಬೆಲೆಗೆ ಅಕ್ರೋಟು ಹೊಡೆದುಕೊಂಡು ಬಂದದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಹೆಮ್ಮೆಯ ಮಾತು. ನಿಮಗದು ಮುಂದಿನ ತಿಂಗಳು ನಡೆಯಲಿರುವುದು. ಕೈಮುಗಿಯುತ್ತೇನೆ. ಚೌಕಾಸಿ ಎಷ್ಟು ಬೇಕಾದರೂ ಮಾಡಿ. ಚೀಲ ಕಟ್ಟುವ ಮುಂಚೆ ಒಂದು ಹಿಡಿ ಅಕ್ರೋಟು ತೆಗೆದು ತಕ್ಕಡಿಯಲ್ಲಿ ಇಟ್ಟು, ನಿಮ್ಮ ಹೆಸರು, ಊರು ಹೇಳಿ ಬನ್ನಿ. ಅವರು ಯಾಕೆಂದು ಕೇಳುವುದಿಲ್ಲ. ನೀವು ಇಟ್ಟಿರಾದರೆ ಈ ಗಳಿಗೆಯಲ್ಲೇ ಮುದುಕಿಯರ ಬಾಯಲ್ಲಿ ನಿಮ್ಮ ಹೆಸರು ಬರುತ್ತದೆ, ಅಕ್ಕ ಹೊರಗೆ ಬರುತ್ತಾಳೆ.

ಮೇಲಿನ ಸಾಲು ನಿಮಗೆ ಮುಟ್ಟಿರಬೇಕು. ನೆಲಹಡಗಿನ ಸೀಟಿಯಾಯಿತು. ಇನ್ನೊಮ್ಮೆ ಹೇಳಿರೆಂದು ಮುದುಕಿಯರ ಕಾಲು ಹಿಡಿದೆ, ಹೇಳುತ್ತಿದ್ದಾರೆ. ಗದಗಿನವರ ಹೆಸರುಗಳು ಬಂದವು. ಮುಗಿದವು. ನಿಮ್ಮದು ಬರಲಿಲ್ಲ.

ಒಂದೇ ಒಂದು ಹಿಡಿ, ಅಜ್ಜಿ. ಓದುತ್ತಿದ್ದೀರಿ ತಾನೇ?

ನಿಮ್ಮ
ಮಧುಮತಿ