ಸೊಲ್ಲು ಮುಗಿಸಿದವಳು

ಕಬ್ಬೂರ
೧೨ ಫೆಬ್ರುವರಿ ೧೯೯೧

ಪ್ರೀತಿಯ ಗೆಳತಿ ಕುಸುಮಾ,

ಕಾಗವಾಡದ ಗಂಡನ ಮನೆಯಲ್ಲಿ ನೀನು, ನಿಮ್ಮ ಯಜಮಾನರು, ಪುಟ್ಟ ಮಗಳು ಎಲ್ಲರೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ.

ನನ್ನ ಹಾಡಿನ ಮೊದಲ ಕ್ಯಾಸೆಟ್ ಬರುತ್ತಿದೆ! ನಿಪ್ಪಾಣಿಯಲ್ಲಿ ಕಾಕಾಸಾಹೇಬರು ಎಂಬುವವರು ಹಳೆಯ ತಂಬಾಕಿನ ಗೋದಾಮಿನಲ್ಲಿ ರೆಕಾರ್ಡಿಂಗ್ ಮಾಡುತ್ತಾರೆ. ಸದ್ದು ಒಳಬರದಂತೆ ಗೋಡೆಗೆಲ್ಲ ಕೌದಿ ಇಳಿಬಿಟ್ಟಿದ್ದಾರೆ. ಕ್ಯಾಸೆಟ್ಟಿನ ಮೇಲೆ ನನ್ನ ಫೋಟೋ ಹಾಕುತ್ತಾರಂತೆ. ನೀನು ಕೊಟ್ಟ ಹಸಿರು ಸೀರೆ ಉಟ್ಟು ತೆಗೆಸಿಕೊಂಡೆ. ಫೋಟೋದಲ್ಲಿ ಸೀರೆಯೂ ಕಪ್ಪು, ನಾನೂ ಕಪ್ಪು.

ನಮ್ಮ ಮನೆಯ ಬೀಸುವ ಹಾಡಿನ ಪದ್ಧತಿ ನಿನಗೆ ನೆನಪಿದೆಯಲ್ಲ? ಒಬ್ಬಳು ಸೊಲ್ಲು ಎತ್ತಬೇಕು, ಎದುರಿಗೆ ಕೂತವಳು ಮುಗಿಸಬೇಕು. ತಾನೆತ್ತಿದ್ದನ್ನು ತಾನೇ ಮುಗಿಸಬಾರದು. ನಾನು ಎತ್ತುತ್ತಿದ್ದೆ, ದುಂಡಕ್ಕ ಮುಗಿಸುತ್ತಿದ್ದಳು. ಹೊಗಳಿಕೆಯೆಲ್ಲ ಅಕ್ಕನಿಗೇ. ಅವ್ವ ಒಂದು ದಿನವೂ ನನ್ನ ಹಾಡು ಛಲೋ ಅಂದವಳಲ್ಲ. ತಂಬಾಕಿನ ಕೆಲಸದ ಕೆಮ್ಮಿನಲ್ಲಿ ಅಕ್ಕ ತೀರಿಕೊಂಡ ಮೇಲಂತೂ ಬೀಸುಕಲ್ಲಿಗೆ ಗೋಣಿಚೀಲ ಹೊದಿಸಿ, ಈ ಮನೆಯಲ್ಲಿ ಯಾರೂ ಹಾಡಕೂಡದು ಎಂದುಬಿಟ್ಟಳು. ಕ್ಯಾಸೆಟ್ ಬಂದರೆ ಒಮ್ಮೆಯಾದರೂ ಕೇಳಿಯಾಳು, ಒಂದು ಒಳ್ಳೆಯ ಮಾತು ಅಂದಾಳು ಎಂಬ ಆಸೆ ನನಗೆ. ಅದೊಂದಕ್ಕಾಗಿಯೇ ನಿಪ್ಪಾಣಿಗೆ ಹೋದೆ, ಕುಸುಮಾ.

ಕಾಕಾಸಾಹೇಬರು ಹಲಗೆಯ ಗೋಡೆಯಾಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಒಳಗೆ ನಾನೊಬ್ಬಳೇ. ಸೊಲ್ಲು ಎತ್ತಿದೆ, ರೂಢಿಯಂತೆ ಸುಮ್ಮನಾದೆ. ಮುಗಿಸಲು ಎದುರಿಗೆ ಯಾರೂ ಇಲ್ಲವೆಂಬುದೇ ಮರೆತುಹೋಗಿತ್ತು. ಹಾಡಿನುದ್ದಕ್ಕೂ ಅದೇ ತಪ್ಪು. ಹೊರಗೆ ಬಂದು, "ನಡುವ ನಡುವ ಸುಮ್ನಾಗಿದ್ನೆಲ್ರಿ, ಯಾಕ ನಿಲ್ಲಸಲಿಲ್ರಿ?" ಎಂದು ಕೇಳಿದೆ.

"ಯಾಕ ನಿಲ್ಲಸ್ಲೆವಾ? ಇಬ್ಬರೂ ಛಂದ ಹಾಡಾಕತ್ತಿದ್ರಿ. ಇನ್ನೊಬ್ಬಾಕಿ ಎಲ್ಲಿ ಹ್ವಾದ್ಲು? ಲೇಬಲ್ ಮ್ಯಾಲ ಆಕಿ ಹೆಸರೂ ಹಾಕಬೇಕಲ್ಲ?"

ತಮಾಷೆ ಎಂದುಕೊಂಡೆ. ಟೇಪು ಹಚ್ಚಿದರು. "ತವರೂರ ದಾರಿ ನೋಡೂತ ನಿಂತೇನ" ಎಂದು ನನ್ನ ದನಿ ನಿಂತಿತು. ಆಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ, "ಅಕ್ಕ ಬರತಾಳ ಕರಿಯಾಕ."

ಆ ಸೊಲ್ಲು ಎಲ್ಲರ ಬಾಯಲ್ಲೂ "ಅಣ್ಣ ಬರತಾನ" ಎಂದೇ ಇದೆ. ನನ್ನನ್ನು ಕಾಡಿಸಲೆಂದು "ಅಕ್ಕ" ಅನ್ನುತ್ತಿದ್ದವಳು ದುಂಡಕ್ಕ ಒಬ್ಬಳೇ.

ಮರುದಿನ ಮತ್ತೆ ಹಾಡಿಸಿದರು. ಈ ಸಲ ನಾನೇ ಮುಗಿಸಬೇಕೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕೌದಿಯ ಹಿಂದೆ ಯಾರೋ ಕೆಮ್ಮಿದರು. ಮಟಮಟ ಮಧ್ಯಾಹ್ನ, ಅಷ್ಟೆಲ್ಲ ಕೌದಿ ದಾಟಿಯೂ ಹೊರಗಿನ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನನಗೆ ಕೌದಿ ಸರಿಸಿ ನೋಡುವ ಧೈರ್ಯ ಆಗಲಿಲ್ಲ.

ಎರಡನೆಯವಳ ಹೆಸರು ಬೇಗ ಹೇಳು, ಇಲ್ಲದಿದ್ದರೆ ಆ ದನಿ ಅಳಿಸಿಬಿಡುತ್ತೇನೆ ಅನ್ನುತ್ತಿದ್ದಾರೆ ಕಾಕಾಸಾಹೇಬರು. ಈ ಕಾಗದದ ಜೊತೆ ಕ್ಯಾಸೆಟ್ಟಿನ ಒಂದು ಪ್ರತಿ ನಿನಗೆ ಕಳಿಸುತ್ತಿದ್ದೇನೆ. ಅಕ್ಕನ ದನಿ ನಿನಗೂ ಗೊತ್ತು. ಅಳಿಸಲೋ, ಹೆಸರು ಹಾಕಿಸಲೋ, ನೀನೇ ಹೇಳು. ಕೇಳುವಾಗ ಮಗುವನ್ನು ಹತ್ತಿರ ಕೂರಿಸಿಕೊಳ್ಳಬೇಡ.

ಅವಳಿಗೆ ನನ್ನ ಮುತ್ತು. ನೂರು ವರ್ಷ ಬಾಳಲಿ, ಹಾಡು ಮಾತ್ರ ಕಲಿಯದಿರಲಿ.

ನಿನ್ನ
ಸುಂದರಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಗಟ್ಟಿ ಮನಸ್ಸು ಮಾಡಿ ಅವ್ವನಿಗೆ ಕ್ಯಾಸೆಟ್ ಕೇಳಿಸಿದೆ. ಅವಳು ಹೆದರಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಬೀಸುಕಲ್ಲಿನ ಮೇಲಿನ ಗೋಣಿಚೀಲ ತೆಗೆದು, ಕಲ್ಲು ಒರೆಸಿ ಬಂದು ಕೂತಳು. "ನಮ್ಮ ದುಂಡಿ ಬಂದಾಳ ನೋಡ," ಎಂದಳು. ಹಾಡು ಮುಗಿದ ಮೇಲೆ ನನ್ನ ಮುಖ ನೋಡಿ ಕೇಳಿದಳು: "ಸೊಲ್ಲ ಎತ್ತಾಕಿ ಯಾರ ಮಗಳಬೇ? ಆಕಿನೂ ಭಾಳ ಛಲೋ ಹಾಡ್ತಾಳ."