ಭಾನುವಾರದ ಚಕ್ರಗಳು

ಊರ ಶಾಲೆ, ಮೂರನೇ ತರಗತಿಯ ಕೋಣೆ
ತಾರೀಖು ಹದಿನೇಳು, ಮಂಗಳವಾರ

ನನ್ನ ಮುದ್ದು ನಟ್ಟು,

ಹೇಗಿದ್ದೀಯೇ? ಅಳಿಯ ಮೇಷ್ಟ್ರ ಗಂಟಲುನೋವು ಇಳಿಯಿತೋ, ಇಲ್ಲ ಇನ್ನೂ ತರಗತಿಯಲ್ಲಿ ಕೂಗಾಡಿ ಅದನ್ನು ಬೆಳೆಸುತ್ತಲೇ ಇದ್ದಾರೋ? ನಮ್ಮ ಪುಟಾಣಿ ಬೋಲ್ಟುವಿನ ಮುಂದಿನ ಹಲ್ಲು ಬಿದ್ದಿದೆ ಎಂದು ಬರೆದಿದ್ದೆ, ಹೊಸದು ಇಣುಕಿತೇ? ನಿನ್ನ ಅತ್ತೆಯವರು ಮೆಟ್ಟಿಲು ಹತ್ತುತ್ತಿದ್ದಾರಾ? ಎಲ್ಲರನ್ನೂ ಕೇಳಿದೆನೆಂದು ಹೇಳು. ಇಲ್ಲಿ ನಾವು ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಗೈಗೆ ಸ್ವಲ್ಪ ಬೊಬ್ಬೆ ಎದ್ದಿತ್ತು, ಒಣಗಿದೆ. ನಿನ್ನಮ್ಮನ ಹುಬ್ಬು ಸುಟ್ಟುಹೋಗಿದೆ. ಕನ್ನಡಿ ನೋಡಿದಾಗಲೆಲ್ಲ "ಯಾರೋ ಇವಳು, ಯಾವಾಗ್ಲೂ ಆಶ್ಚರ್ಯಪಟ್ಕೊಂಡಿರೋ ಹಾಗಿದಾಳೆ" ಎನ್ನುತ್ತಾಳೆ. ಗೋಡೆಯ ಮೇಲೆ ಏಳರ ಮಗ್ಗಿ ಬರೆದಿದೆ, ಅದರ ಕೆಳಗೆ ನಮ್ಮ ಚಾಪೆ. ಬೆಂಚು ಎಷ್ಟು ಗಿಡ್ಡವೆಂದರೆ ಕುಳಿತು ಬರೆಯಲು ನನ್ನ ಮಂಡಿ ಗದ್ದಕ್ಕೆ ತಾಗುತ್ತಿದೆ. ಅಕ್ಷರ ಸೊಟ್ಟಗಾದರೆ ಬೆಂಚನ್ನು ಬೈಯಿ.

ನಿನ್ನ ಪತ್ರ ಶನಿವಾರ ಬಂತು. ನನ್ನ ಹೆಸರಿಗೆ ಮಾತ್ರ ಬಂತು. ಅದರಲ್ಲಿ ನೀನು ಬರೆದ ಒಂದು ಸಾಲು ನನ್ನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತಿದೆ. "ಅಮ್ಮನಿಗೆ ಬೇಡವಾಗಿದ್ದನ್ನು ಬೆಂಕಿಯೇ ಒಯ್ದಿತು. ಅಪ್ಪನ ಒಂಬತ್ತು ಹಳೇ ಕಾರುಗಳಲ್ಲಿ ಬಿಳಿರಾಣಿಯೊಂದನ್ನಾದರೂ ಉಳಿಸುವುದು ಬಿಟ್ಟು ಆ ಹೆಣದ ಗಾಡಿ ತಂದಳಂತೆ." ಯಾರು ನಿನಗೆ ಹೇಳಿದರೋ, ಹೇಳಿದ್ದು ನಿಜ. ತಂದದ್ದು ಆ ಹೆಣದ ಗಾಡಿಯನ್ನೇ. ಆದರೆ ಹೇಗೆ ತಂದಳು, ಯಾಕೆ ತಂದಳು ಎಂದು ಅವರು ಹೇಳಿರಲಾರರು. ನಿನ್ನಮ್ಮ ಕೇಳಿದಳು, "ನನ್ನ ವಿಷಯ ಏನಾದ್ರೂ ಬರ್ದಿದಾಳಾ?" ಅಂತ. "ಆರೋಗ್ಯ ವಿಚಾರಿಸಿದಾಳೆ" ಎಂದೆ. ಅವಳು ಆ ಮಾತನ್ನು ನಂಬಿದ ಹಾಗೆ ಮಾಡಿದಳು.

ಕಳೆದ ವರ್ಷ ನಿನ್ನಪ್ಪ ತೀರಿಹೋದ ಮೂರನೇ ತಿಂಗಳು ನೀನು ಬಂದಿದ್ದಾಗ ಊಟದ ಮೇಜಿನ ಮೇಲೆ ಹಳೇ ಕಾರು ಕೊಳ್ಳುವ ವ್ಯಾಪಾರಿಯ ಕಾಗದ ಇತ್ತಲ್ಲ. ಒಂಬತ್ತನ್ನೂ ಒಟ್ಟಿಗೆ ಒಯ್ಯುತ್ತೇನೆ ಎಂದು ಬರೆದಿದ್ದ. ಯಾರು ಕೇಳಿದ್ದು ಇವನನ್ನ ಎಂದು ನೀನು ಕೂಗಿದೆ. "ನಾನೇ" ಎಂದಳು ನಿನ್ನಮ್ಮ. ನೀನು ಚೀಲ ಎತ್ತಿಕೊಂಡು ಹೊರಟವಳು, ಹನ್ನೊಂದು ತಿಂಗಳಾಯಿತು, ಅವಳಿಗೆ ಒಂದು ಸಾಲು ಬರೆದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬೆಂಕಿಯ ದಿನದ್ದು ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು, ಯಾರಿಗೂ ಹೇಳಬೇಡ ಎಂದು ನಿನ್ನಮ್ಮ ನನ್ನಿಂದ ಆಣೆ ಹಾಕಿಸಿಕೊಂಡ ಒಂದು ಸಂಗತಿ. ಆಣೆ ಹಾಕಿದ ಮನೆಯೇ ಈಗ ಇಲ್ಲ, ಹಾಗಾಗಿ ಹೇಳುತ್ತೇನೆ. ನಿಂತ ಕಾರಿನ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆಂದು ನಿನ್ನಪ್ಪ ಒಂಬತ್ತನ್ನೂ ಕಬ್ಬಿಣದ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ್ದದ್ದು ನಿನಗೆ ಗೊತ್ತು. ಪ್ರತಿ ಭಾನುವಾರ ಒಂದೊಂದು ಚಕ್ರವನ್ನೂ ಕೈಯಿಂದ ಹತ್ತು ಸುತ್ತು ತಿರುಗಿಸುತ್ತಿದ್ದ, ಒಳಗಿನ ಗ್ರೀಸು ಗಟ್ಟಿಯಾಗಿ ಚಕ್ರ ಕಚ್ಚಿಕೊಳ್ಳಬಾರದು ಅಂತ. ಅವನು ಹೋದ ಮೇಲೆ ಅದು ನಿಂತಿತು ಎಂದುಕೊಂಡಿದ್ದೆ. ನಿಲ್ಲಲಿಲ್ಲ. ನಿನ್ನಮ್ಮ, ಮದುವೆಯಾದಂದಿನಿಂದ ಆ ಶೆಡ್ಡನ್ನು "ನನ್ನ ಸವತಿಯರ ಮನೆ" ಎಂದು ಆಡಿಕೊಳ್ಳುತ್ತಿದ್ದವಳು, ಪ್ರತಿ ಭಾನುವಾರ ತಿಂಡಿಯಾದ ಮೇಲೆ ಹೋಗಿ ಮೂವತ್ತಾರು ಚಕ್ರ ತಿರುಗಿಸಿ ಬರುತ್ತಿದ್ದಳು. ಟೈರಿನ ಗಾಳಿ ನೋಡುತ್ತಿದ್ದಳು. ಆ ಹೆಣದ ಗಾಡಿ ಉದ್ದಣ್ಣನನ್ನೂ ಬಿಡಲಿಲ್ಲ. ನಿನ್ನಪ್ಪ ಅದನ್ನು ಕೊಂಡು ತಂದ ದಿನ "ಇದು ಗೇಟು ದಾಟಿದ್ರೆ ನಾನು ಗೇಟಿನಾಚೆ" ಎಂದು ಇವಳು ಹಾರಾಡಿದ್ದು ನೆನಪಿದೆ ತಾನೇ? ನಟ್ಟುವಿಗೆ ಬರೆಯುತ್ತೇನೆ ಎಂದದ್ದಕ್ಕೆ ನನ್ನ ಬಾಯಿ ಮುಚ್ಚಿಸಿದಳು. "ಬರೀಬೇಡ. ಅವಳನ್ನ ಒಲಿಸ್ಕೊಳ್ಳೋಕೆ ಮಾಡ್ತಿದೀನಿ ಅಂದ್ಕೋತಾಳೆ."

ಈಗ ಬೆಂಕಿ. ಹೋದ ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆಯಿಂದ ಹಿಂದಿನ ಗುಡ್ಡದಾಚೆ ಹೊಗೆ ಇತ್ತು, ಗಾಳಿ ಆ ಕಡೆಗೇ ಬೀಸುತ್ತಿತ್ತು. ಊಟಕ್ಕೆ ಕೂತಾಗ ಗಾಳಿ ತಿರುಗಿತು. ಅನ್ನದ ಮೇಲೆ ಬೂದಿ ಬಿತ್ತು. ನಾನು ಉಪ್ಪು ಅಂದುಕೊಂಡು ಕಲಸಿಬಿಟ್ಟೆ. ಪಕ್ಕದ ಮನೆಯ ಸ್ಟುಡಿಯೋ ಮಾವ ಓಡಿಬಂದರು, ಅಷ್ಟು ವರ್ಷ ಬರೀ ಫೋಟೋ ತೆಗೆದವರು, ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಹೆಂಡತಿ ನಿಮ್ಮ ದೊಡ್ಡ ಟೀಚರ್ ತೊಡೆ ಮೂಳೆ ಮುರಿದುಕೊಂಡು ಸೊಂಟದಿಂದ ಪಾದದವರೆಗೆ ಪ್ಲಾಸ್ಟರಿನಲ್ಲಿ ಮಲಗಿದ್ದರು. ಆಂಬುಲೆನ್ಸಿಗೆ ಫೋನು ಮಾಡಿದರೆ ಅರ್ಧ ಗಂಟೆ ಎಂದರಂತೆ, ಆಮೇಲೆ ಫೋನೇ ಸತ್ತಿತು. ಮೇಲಿನ ಮರಗಳು ಆಗಲೇ ಪಟಪಟ ಸಿಡಿಯುತ್ತಿದ್ದವು.

ನಗಬೇಡ, ಒಂಬತ್ತು ಕಾರಿನ ಮನೆಯವರಾದರೂ ನಾವು ಪೇಟೆಗೆ ಹೋಗುತ್ತಿದ್ದದ್ದು ಬಸ್ಸಿನಲ್ಲೇ. ಆ ಒಂಬತ್ತರಲ್ಲಿ ಒಂದಕ್ಕೂ ಬ್ಯಾಟರಿ ಇರಲಿಲ್ಲ, ಒಂದರಲ್ಲೂ ಹನಿ ಪೆಟ್ರೋಲು ಇರಲಿಲ್ಲ. ಬೇಸಿಗೆಯಲ್ಲಿ ಬೆಂಕಿ ಹತ್ತಿಕೊಂಡೀತೆಂದು ಮೆಕ್ಯಾನಿಕ್ಕನನ್ನು ಕರೆಸಿ ಬಸಿದಿಟ್ಟವರೇ ನಾವು. ಅಷ್ಟು ಜೋಪಾನ ಮಾಡಿದ್ದೇ ನಮಗೆ ಮುಳುವಾಯಿತು. ನಾನು ಅಂಗಳದಲ್ಲಿ ನಿಂತು ಅಳಲು ಶುರು ಮಾಡಿದೆ. ನಿನ್ನಮ್ಮ ಶೆಡ್ಡಿನ ಬಾಗಿಲು ಎರಡೂ ಕಡೆ ತಳ್ಳಿ ಒಳಗೆ ನಿಂತಳು. ಬಿಳಿರಾಣಿಯ ಹೊದಿಕೆ ತೆಗೆದಳು ನಟ್ಟು, ಮೊದಲು ಅವಳ ಕೈ ಹೋದದ್ದು ಅಲ್ಲಿಗೇ. ಅದರೊಳಗೆ ಎರಡೇ ಸೀಟು. ಒಂದು ಗಳಿಗೆ ನೋಡಿದಳು, ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದಳು. "ಟೀಚರ್ ಮಲಗೋಕೆ ಉದ್ದ ಬೇಕು" ಎಂದಳು. ಉದ್ದಣ್ಣನ ಹತ್ತಿರ ಹೋದಳು.

"ಎಂಜಿನ್ನೇ ಓಡ್ದಿದ್ಮೇಲೆ ಯಾವ ಕಾರಾದ್ರೇನು ಅತ್ತಿಗೆ" ಎಂದೆ. "ಇಳಿಜಾರಿಗೆ ಎಂಜಿನ್ ಯಾಕೆ? ನಿಮ್ಮಣ್ಣ ಶೆಡ್ಡನ್ನ ಗುಡ್ಡದ ನೆತ್ತಿ ಮೇಲೆ ಕಟ್ಟಿದಾರೆ. ಇದಕ್ಕೆ ತಂತಿ ಬ್ರೇಕು, ಕೈಲಿ ಎಳೆದ್ರೆ ಹಿಡಿಯತ್ತೆ. ಅತ್ತಿದ್ದು ಸಾಕು ಟೇಲರಮ್ಮ, ಜಾಕ್ ತಾ." ಒಂದೊಂದೇ ಮೂಲೆ ಜಾಕಿನಿಂದ ಎತ್ತಿ, ಕಬ್ಬಿಣದ ಕಾಲು ಎಳೆದು, ಇಳಿಸುವುದು. ಅವಳು ಹೇಳಿದಳು, ನಾನು ಮಾಡಿದೆ. ಬೊಬ್ಬೆ ಎದ್ದದ್ದು ಅಲ್ಲೇ. ಇದನ್ನೆಲ್ಲ ಯಾವಾಗ ಕಲಿತಿರಿ ಎಂದು ಕೇಳಿದರೆ, "ನಲವತ್ತು ವರ್ಷ ಇಲ್ಲಿಗೆ ಟೀ ತಂದ್ಕೊಟ್ಟು ಲೋಟಕ್ಕೆ ಕಾಯ್ತಾ ನಿಂತಿರ್ತಿದ್ನಲ್ಲ, ಕಣ್ಣು ಮುಚ್ಕೊಂಡಿದ್ನಾ?"

ಮಾವನ ಮನೆಯ ಒಂದು ಬಾಗಿಲು ಕಳಚಿ ಅದರ ಮೇಲೆ ಟೀಚರನ್ನು ಮಲಗಿಸಿ ಮೂವರೂ ಎತ್ತಿಕೊಂಡು ಬಂದೆವು. ಗಾಡಿ ನೋಡಿದ್ದೇ ಅವರು ಕಿರುಚಿದರು. "ಅಯ್ಯೋ ಮಾರಾಯ್ತಿ, ಇದರಲ್ಲಾ? ಇನ್ನೂ ಉಸಿರಿದೆ ಕಣೆ!" "ಉಸಿರು ಇರ್ಲಿ ಅಂತಾನೇ, ಮಲ್ಕೊಳಿ" ಎಂದು ನಿನ್ನಮ್ಮ ಹಿಂದಿನಿಂದ ಒಳಗೆ ಜಾರಿಸಿದಳು. ಅವಳು ಸ್ಟಿಯರಿಂಗ್ ಹಿಡಿದು ಕೂತಳು, ನಾನು, ಮಾವ ತಳ್ಳಿದೆವು. ಉದ್ದಣ್ಣ ಕದಲಿದ. ನಟ್ಟು, ಒಂದು ಕಿರ್ ಸದ್ದೂ ಇಲ್ಲದೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ಕದಲಿದ. ಒಂದು ವರ್ಷದ ಭಾನುವಾರಗಳು ಆ ಚಕ್ರಗಳೊಳಗೆ ಇದ್ದವು. ಮಾವ ಮುಂದಿನ ಸೀಟಿಗೆ ನುಗ್ಗಿದರು, ನಾನು ಎಡಪಕ್ಕದ ಪಾದಪಟ್ಟಿಯ ಮೇಲೆ ಹಾರಿ ಹತ್ತಿದೆ. ಅರವತ್ತಾರರಲ್ಲಿ ಹಾರಿದೆನೆಂದು ಬೋಲ್ಟುವಿಗೆ ತಪ್ಪದೆ ಹೇಳು.

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಎಲ್ಲ ಕೇಳುತ್ತದೆ. ಮರ ಸೀಳುವುದು, ಟೀಚರ್ ಮಗುವಿನ ಹಾಗೆ ಎಣಿಸುವುದು, ನಿನ್ನಮ್ಮ ಬ್ರೇಕು ಎಳೆದಾಗಲೆಲ್ಲ ಅದು ಹಲ್ಲು ಕಡಿಯುವುದು. ನೀರಿನ ತೊಟ್ಟಿಯ ತಿರುವಿನಲ್ಲಿ ಬಲಗಡೆಯೆಲ್ಲ ಕೆಂಪು. ಕಿಟಕಿಯಿಂದ ಒಳನುಗ್ಗಿದ ಝಳಕ್ಕೆ ಅವಳ ಹುಬ್ಬು ಹೋಯಿತು, ಕೈ ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ. ಕೊನೆಗೆ ಸೇತುವೆ. ಅಲ್ಲಿ ರಸ್ತೆ ಸಮತಟ್ಟು, ಅಲ್ಲಿ ನಿಂತುಬಿಟ್ಟರೆ ತಳ್ಳಲು ನಮ್ಮಲ್ಲಿ ಶಕ್ತಿಯಿಲ್ಲ. "ಹಿಡ್ಕೊಳ್ರೀ ಎಲ್ರೂ" ಎಂದವಳೇ ಬ್ರೇಕು ಪೂರ್ತಿ ಬಿಟ್ಟಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಸೇತುವೆ ದಾಟಿ, ಅಗ್ನಿಶಾಮಕದವರ ಕೆಂಪು ಗಾಡಿಯ ಮುಂದೆ ಮೂರು ಮಾರು ದೂರದಲ್ಲಿ ನಿಂತಿದ್ದೆವು.

ಒಬ್ಬ ಬಂದು ಹಿಂಬಾಗಿಲು ತೆರೆದ. ಹೊಗೆಗೆ ಕಣ್ಣು ಮುಚ್ಚಿ ಮಲಗಿದ್ದ ಟೀಚರನ್ನು ಕಂಡು ಪಾಪ ಹೆಲ್ಮೆಟ್ ತೆಗೆದು ತಲೆ ತಗ್ಗಿಸಿದ. ಟೀಚರ್ ಒಂದು ಕಣ್ಣು ತೆರೆದು, "ಟೋಪಿ ಹಾಕ್ಕೊಳಪ್ಪ, ಕ್ಲಾಸು ಇನ್ನೂ ಮುಗಿದಿಲ್ಲ" ಎಂದರು. ಅವನು ಎರಡು ಹೆಜ್ಜೆ ಹಿಂದೆ ಹಾರಿದ ಹಾರಿಕೆಗೆ ನಿನ್ನಮ್ಮ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕಳು, ನಕ್ಕಳು, ಆಮೇಲೆ ಅದು ನಗು ಅಲ್ಲ ಎಂದು ನನಗೆ ತಿಳಿಯಿತು.

ಮೊನ್ನೆ ಭಾನುವಾರ ಮೇಲೆ ಹೋಗಲು ಬಿಟ್ಟರು. ಮನೆಯ ಗೋಡೆ ಎರಡು ನಿಂತಿವೆ. ಅಡುಗೆಮನೆಯಲ್ಲಿ ಒಂದರೊಳಗೊಂದು ಇಟ್ಟಿದ್ದ ಸ್ಟೀಲ್ ಲೋಟಗಳು ಕಚ್ಚಿಕೊಂಡು ಕಂಬವಾಗಿವೆ. ಶೆಡ್ಡಿನ ತಗಡು ಮುದುಡಿ ಕೆಳಗೆ ಬಂದಿದೆ. ಅಡಿಯಲ್ಲಿ ಎಂಟು ಅಸ್ಥಿಪಂಜರಗಳು. ಬಿಳಿರಾಣಿಯ ಎಂಜಿನ್ನಿನ ಅಲ್ಯೂಮಿನಿಯಂ ಕರಗಿ ಬಾಗಿಲವರೆಗೆ ಹರಿದು ಅಲ್ಲೇ ಹೆಪ್ಪುಗಟ್ಟಿದೆ, ಬೆಳ್ಳಗೆ. ನಾನು ಹೊಲಿದ ಸೀಟುಗಳಲ್ಲಿ ಸ್ಪ್ರಿಂಗು ಮಾತ್ರ ಉಳಿದಿದೆ. ನಿನ್ನಮ್ಮ ಮೊದಲ ಕಾರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಟೈರಿಲ್ಲದ ಚಕ್ರಕ್ಕೆ ಕೈ ಹಾಕಿ ತಿರುಗಿಸಲು ನೋಡಿದಳು. ಬರಲಿಲ್ಲ. ಎದ್ದು ಎರಡನೆಯದಕ್ಕೆ ಹೋದಳು. ಎಂಟೂ ಕಾರಿನ ಒಂದೊಂದು ಚಕ್ರವನ್ನೂ ಮುಟ್ಟಿ ಬಂದಳು, ಮೂವತ್ತೆರಡು. ನಾನು ಅವಳ ಮುಖ ನೋಡಲಿಲ್ಲ ಮಗಳೇ, ಬೆನ್ನು ಮಾತ್ರ ನೋಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಷ್ಟು ನೆಟ್ಟಗಿನ ಬೆನ್ನನ್ನು ನಾನು ಗಮನಿಸಿಯೇ ಇರಲಿಲ್ಲ.

ಉದ್ದಣ್ಣ ಈಗ ಶಾಲೆಯ ಅಂಗಳದಲ್ಲಿದ್ದಾನೆ. ಮಕ್ಕಳು ಒಳಗೆ ಮಲಗಿ ಸತ್ತ ಆಟ ಆಡುತ್ತಾರೆ. ನಿನ್ನಮ್ಮ "ಬೂಟು ಬಿಚ್ಚಿ ಸಾಯ್ರೋ" ಎಂದು ಗದರುತ್ತಾಳೆ.

ಬೆಂಚಿನಿಂದ ಏಳಬೇಕು, ಕಾಲು ಜೋಮು ಹಿಡಿದಿದೆ. ಎಲ್ಲರಿಗೂ ಆಶೀರ್ವಾದ.

ನಿನ್ನ ಅಪ್ಪನ ತಂಗಿ,
ಟೇಲರ್ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೂರು ಹಾಳೆ ಬರೆಯುವವರೆಗೂ ಧೈರ್ಯ ಬರಲಿಲ್ಲ. ಆ ವ್ಯಾಪಾರಿಗೆ ಬರೆದವಳು ನಾನು, ನಿನ್ನಮ್ಮ ಅಲ್ಲ. ಶೆಡ್ಡಿನ ಕಿಟಕಿಗಳಿಂದ ಬೆಳಕು ಚೆನ್ನಾಗಿ ಬರುತ್ತಿತ್ತು, ನನ್ನ ಹೊಲಿಗೆ ಯಂತ್ರ ಅಲ್ಲಿಟ್ಟುಕೊಳ್ಳುವ ಆಸೆ ಹುಟ್ಟಿತು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವಳಿಗೆ ಆ ಕಾಗದದ ಸುಳಿವೇ ಇರಲಿಲ್ಲ. ನೀನು ಕೂಗಿದಾಗ ನನ್ನ ಮುಖ ಒಂದು ಸಲ ನೋಡಿದಳು, ತಿಳಿಯಿತು, "ನಾನೇ" ಎಂದಳು. ನಾನು ಅಡುಗೆಮನೆಗೆ ಹೋದೆ. ಆಮೇಲೆ ಕೇಳಿದ್ದಕ್ಕೆ ಅಂದಳು, "ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಒಂದಿನ ಇಳಿಯತ್ತೆ, ನಾನು ಅಮ್ಮ. ನಿನ್ನ ಮೇಲಾದ್ರೆ ನಿನಗೆ ಇನ್ಯಾವ ಮನೆ ಇದೆ?" ಹನ್ನೊಂದು ತಿಂಗಳು ಅವಳು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದಳು, ನಾನು ನೋಡಿಕೊಂಡು ಸುಮ್ಮನಿದ್ದೆ. ಈಗ ಬರಿ. ಮೊದಲು ಅವಳಿಗೆ, ಆಮೇಲೆ ನನ್ನನ್ನು ಹೊಟ್ಟೆ ತುಂಬ ಬೈದು ನನಗೆ. ಬೇಗ ಬರಿ ನಟ್ಟು, ಇಲ್ಲಿ ಗೇಟೂ ಇಲ್ಲ ಗಿಡವೂ ಇಲ್ಲ, ಅವಳು ಬರೀ ನಿಂತಿರುತ್ತಾಳೆ.