ಪುಕ್ಕಟೆ ಲಿನಕ್ಸ್ ಮತ್ತು ಮೀನಿನ ಹೆಸರುಗಳು

ಕೋಟೇಶ್ವರ
೧೪ ಜೂನ್ ೨೦೧೦

ಪ್ರೀತಿಯ ತಂಗಿ ಚಂದ್ರಾವತಿ,

ಬೈಂದೂರಿನಿಂದ ನೀನು ಬರೆದ ಕಾಗದ ತಲುಪಿತು. ಬ್ರಹ್ಮಾವರದ ಶಾಲೆಯೊಂದರ ಹನ್ನೆರಡು ಹಳೆಯ ಕಂಪ್ಯೂಟರ್‌ಗಳನ್ನು ಸರಿಪಡಿಸುವ ಕೆಲಸ ಚರಣನ ಕೈತಪ್ಪಲು ನಾನು ಕಾರಣವೇ ಎಂದು ಕೇಳಿದ್ದೀಯ. ಹೌದು. ಅವನಿಗೆ ಯಂತ್ರ ಕೊಟ್ಟರೆ ಇದ್ದದ್ದೂ ಹೋಗುತ್ತದೆ ಎಂದು ಹೆಡ್‌ಮಾಸ್ಟರರಿಗೆ ಹೇಳಿದವನು ನಾನೇ. ನಿನ್ನ ಮಗ ಎಂದು ಸುಮ್ಮನಿರಬೇಕಿತ್ತೇ?

ನನ್ನ ಕಂಪ್ಯೂಟರ್ ೧೯೯೯ರದ್ದು. ಅದು ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಚರಣ ಬಂದು ನೋಡಿ, “ಹ್ವಾಯ್ ಮಾವ, ಇದನ್ನ್ ಬಿಸಾಡುದ್ ಬ್ಯಾಡ. ಹಗೂರದ್ದೊಂದ್ ಲಿನಕ್ಸ್ ಹಾಕ್ತೆ. ದುಡ್ಡ್ ಕೊಡುಕಿಲ್ಲ” ಎಂದ. ಗುರುತಿಲ್ಲದ ಸಾವಿರಾರು ಜನ ಸೇರಿ ಬರೆದು, ಒಳಗಿನ ಗುಟ್ಟನ್ನೂ ಬಿಟ್ಟುಕೊಟ್ಟು, ಜಗತ್ತಿಗೆಲ್ಲ ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ ಅಂತೆ! ಲಾಭವಿಲ್ಲದೆ ಯಾರು ಮಾಡುತ್ತಾರೆ ಎಂದೆ. “ನೀವ್ ಮೀನ್ ಮಾರು ಬಾಗಿ ಹತ್ರ ಮೀನಿನ ಹೆಸ್ರೆಲ್ಲ ಕೇಂಡ್ ಕೇಂಡ್ ಹತ್ತ್ ವರ್ಷ ಬರದ್ರಿ ಅಲ್ದಾ? ನಿಮ್ಗ್ ಯಾರ್ ಕೊಟ್ರ್?” ಎಂದು ನಕ್ಕ.

ಆಗಲೇ ನನಗೆ ಸಂಶಯ ಬಂತು. ೧೯೯೭ರಲ್ಲಿ ಬಾರ್ಕೂರಿನ ಮಹಾಶಯನೊಬ್ಬ ನನ್ನ ಶಾಸನಗಳ ಟಿಪ್ಪಣಿಯನ್ನು ಓದಲು ಒಯ್ದು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಎಲ್ಲವೂ ಎಲ್ಲರದ್ದು ಎನ್ನುವವನ ಕೈಗೆ ಮೀನು ಮಾರುವ ಬಾಗಿ ಹೇಳಿ ನಾನು ಕಂಪ್ಯೂಟರಿನಲ್ಲಿ ಬರೆದಿಟ್ಟ ಎಂಟುನೂರು ಶಬ್ದ ಸಿಕ್ಕರೆ?

ಮರುದಿನ ಸಿ.ಡಿ. ಹಿಡಿದು ಬಂದ. “ಮೀನಿನ ಪಟ್ಟಿ ಎಲ್ಲಿತ್ತ್ ಮಾವ? ಹಳತೆಲ್ಲ ಅಳ್ಸಿ ಹೋತ್ತ್, ಈಗ್ಳೇ ಹೇಳಿ” ಎಂದು ಮೂರು ಸಲ ಕೇಳಿದ. ಬೇರೆ ಕಡೆ ಭದ್ರವಾಗಿದೆ ಎಂದೆ.

ಸುಳ್ಳು, ಚಂದ್ರಾ. ಅವನು ಬರುವ ಮೊದಲೇ ಪಟ್ಟಿಯನ್ನು ಅದೇ ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿ ಅಡಗಿಸಿದ್ದೆ. ಕಸವನ್ನು ಯಾರು ಕೆದಕುತ್ತಾರೆ? ಅಳಿಸುವುದು ಹಳೆಯ ಸಿಸ್ಟಮ್ ಮಾತ್ರ ಎಂದುಕೊಂಡಿದ್ದೆ. ಅವನು ಲಿನಕ್ಸ್ ಹಾಕಿ ಹೋದ ಮೇಲೆ ಹೊಸ ಪರದೆ ಕ್ಷಣದಲ್ಲಿ ತೆರೆಯಿತು. ಬುಟ್ಟಿ ಖಾಲಿ. ಕದ್ದೇ ಬಿಟ್ಟ ಎಂದುಕೊಂಡು ಬೆಳಗಾದದ್ದೇ ಬ್ರಹ್ಮಾವರದ ಬಸ್ಸು ಹತ್ತಿದೆ.

ನಿನ್ನೆ ಬಾಗಿಗೆ ಎಲ್ಲ ಹೇಳಿದೆ. ಬಂಗುಡೆಗೆ ನೀರು ಚಿಮುಕಿಸುತ್ತಿದ್ದವಳು ತಲೆ ಎತ್ತಿ, “ಕಸಕ್ಕ್ ಹಾಕಿದ್ದನ್ನ್ ಗುಡ್ಸದೆ ಎಂತ ಪೂಜೆ ಮಾಡುದಾ ಮಾಷ್ಟ್ರೆ? ಪಾಪ, ಆ ಚರಣ ಎಂತ ಮಾಡ್ದ?” ಎಂದಳು. ಹೆಸರುಗಳನ್ನು ಇನ್ನೊಮ್ಮೆ ಹೇಳುತ್ತೀಯಾ ಎಂದರೆ, “ಹೇಳ್ತೆ. ಈ ಸಲ ಅವ್ನೇ ಬರ್ಕಣ್ಲಿ” ಎಂದಳು.

ಹೆಡ್‌ಮಾಸ್ಟರರಿಗೊಂದು ಪತ್ರ ಬರೆದು ಇದರೊಳಗೇ ಇಟ್ಟಿದ್ದೇನೆ. ನೀನು ಅದನ್ನು ಕೊಟ್ಟರೆ ಕೆಲಸ ಅವನಿಗೆ ಮರಳಿ ಸಿಗಬಹುದು. ಪುಕ್ಕಟೆ ಎಂದರೆ ನನಗೆ ಈಗಲೂ ಅನುಮಾನವೇ, ಅದು ಬೇರೆ ಮಾತು.

ನಿನ್ನ ಅಣ್ಣ,
ಪ್ರೇಮಾನಂದ

ಮರೆತದ್ದು: ಒಳಗಿಟ್ಟ ಪತ್ರವನ್ನು ಮತ್ತೊಮ್ಮೆ ಓದಿದೆ. ‘ತಾಂತ್ರಿಕ ಕಾರಣದಿಂದ ಆದ ತಪ್ಪು ತಿಳುವಳಿಕೆ’ ಎಂದಿದೆ, ನಾನು ಅಡಗಿಸಿದ ಸುದ್ದಿಯೇ ಇಲ್ಲ. ಮೂರು ಸಲ ತಿದ್ದಲು ಕೂತರೂ ಕೈ ಏಳಲಿಲ್ಲ. ಅದನ್ನು ಹರಿದು ಹಾಕು. ಈ ಕಾಗದವನ್ನೇ ಅವರಿಗೆ ಕೊಡು, ಬಾಗಿ ಬೈದದ್ದೂ ಸೇರಿ.